ನಾನೂರ ಹದಿನೇಳು ತಳದಲ್ಲಿದ್ದಾನೆ

ಐನ್ ರಮಾದ್, ಟ್ಯುನೀಷಿಯಾ
ನವೆಂಬರ್ ೧೪, ಮಂಗಳವಾರ

ಪ್ರೀತಿಯ ತಮ್ಮ ಲಝರ್,

ಸರಕಾರವೂ ಗಣಿ ಕಂಪನಿಯೂ ಕೊಟ್ಟ ಮಾತುಗಳು ಇವು: ವಾರಕ್ಕೊಮ್ಮೆ ನಿನ್ನ ಭೇಟಿ, ವಾರಕ್ಕೊಮ್ಮೆ ಮನೆಯೂಟದ ಬುಟ್ಟಿ, ಹದಿನೈದು ದಿನದೊಳಗೆ ವಿಚಾರಣೆ, ಯುವಜನ ಭವನಕ್ಕೆ ಇಪ್ಪತ್ತು ಹೊಸ ಕಂಪ್ಯೂಟರು, ಬಿರುಕು ಬಿಟ್ಟ ಅರವತ್ತಮೂರು ಮನೆಗಳಿಗೂ ಹೆಣ್ಣುಮಕ್ಕಳ ಶಾಲೆಗೂ ಬೇರೆ ಜಾಗ. ನಮಗೆ ಸಿಕ್ಕಿದ್ದು ಇದು: ಏಳು ವಾರದಲ್ಲಿ ಒಂದು ಭೇಟಿಯೂ ಇಲ್ಲ. ಬುಟ್ಟಿ ನಾಲ್ಕು ಸಲ ಜೈಲಿನ ಗೇಟಿನಿಂದ ವಾಪಸು ಬಂತು. ಅಮ್ಮ ಎಣ್ಣೆ ಹಾಕಿ ಕಲಸಿದ ಬ್ಸೀಸಾ ಹಿಟ್ಟಿನೊಳಗೆ ಕಾವಲಿನವನು ಬೆರಳು ಆಡಿಸಿದ್ದ ಗುರುತು ಹಾಗೇ ಇತ್ತು. ವಿಚಾರಣೆಗೆ ಇನ್ನೂ ದಿನ ಗೊತ್ತಾಗಿಲ್ಲ. ಇಪ್ಪತ್ತು ಹೊಸ ಕಂಪ್ಯೂಟರಿನ ಬದಲು ಕಂಪನಿಯ ಕಚೇರಿ ಬಿಸಾಕಿದ ಒಂಬತ್ತು ಹಳೆಯವು ಬಂದವು, ಒಳಗೆ ಏನೂ ಉಳಿಸದಂತೆ ಒರೆಸಿ ಕಳಿಸಿದ್ದರು. ಮನೆಗಳ ವಿಷಯಕ್ಕೆ ಕಂಪನಿ ಒಂದೇ ಸಾಲು ಬರೆಯಿತು: ರೈಲುಹಳಿಯಿಂದ ಈಚೆಗೆ ಯಾವ ಸುರಂಗವೂ ಇಲ್ಲ.

ನಿನ್ನ ಮೈ ಹೇಗಿದೆ, ಅದನ್ನು ಹೇಳು. ಕೆಮ್ಮು ಇಳಿಯಿತೇ? ಎಡಗೈ ಬೆರಳು ಮಡಚಲು ಬರುತ್ತದೆಯೇ? ಹೊದೆಯಲು ಎರಡನೆಯ ಕಂಬಳಿ ಕೊಟ್ಟರೇ? ಅಮ್ಮ ಕೇಳಲು ಹೇಳಿದ ಪ್ರಶ್ನೆಗಳು ಇನ್ನೂ ಹದಿನಾಲ್ಕಿವೆ, ದಿನಾ ಹಲ್ಲುಜ್ಜುತ್ತೀಯಾ ಎಂಬುದೂ ಸೇರಿ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾವು ನಿಂತಿದ್ದೇವೆ, ಅಷ್ಟು ಬರೆಯಬಲ್ಲೆ. ಅಡುಗೆಮನೆಯ ಬಿರುಕಿನಲ್ಲಿ ನೀನಿದ್ದಾಗ ಬೆರಳು ಹೋಗುತ್ತಿತ್ತು, ಈಗ ಅಂಗೈ ಹೋಗುತ್ತದೆ. ಅಮ್ಮ ಅದಕ್ಕೊಂದು ಕ್ಯಾಲೆಂಡರ್ ತೂಗುಹಾಕಿದ್ದಾಳೆ. ಗಾಳಿ ಬಂದಾಗ ಕ್ಯಾಲೆಂಡರ್ ಹಿಂದಿನಿಂದ ಉಬ್ಬುತ್ತದೆ. ಅಂಚೆಗೆ ಹಾಕಿದ ಮೂರು ಪತ್ರಗಳೂ ನಿನಗೆ ಮುಟ್ಟಿಲ್ಲವೆಂದು ವಕೀಲೆ ದಲೇಲ್ ಹೇಳಿದರು. ಅದಕ್ಕೇ ಇದು ಅವರ ಫೈಲಿನೊಳಗೆ ಬರುತ್ತಿದೆ. ಕಾಗದ ನಿನ್ನ ಕೈಗೆ ಕೊಡಲು ಬಿಡದಿದ್ದರೆ ಅವರೇ ಮೇಜಿನ ಈಚೆಯಿಂದ ಓದುತ್ತಾರೆ. ಗೇಟಿನಲ್ಲಿ ಇದನ್ನು ನನ್ನ ತಮ್ಮನಿಗಿಂತ ಮೊದಲು ಓದುತ್ತಿರುವವನೇ, ನಿನಗೂ ನಮಸ್ಕಾರ. ಅರ್ಧಕ್ಕೆ ಬಿಡಬೇಡ, ಪೂರ್ತಿ ಓದು. ನಿನ್ನ ಮನೆಯೂ ಯಾವುದೋ ನೆಲದ ಮೇಲೆಯೇ ನಿಂತಿರಬೇಕಲ್ಲ.

ಈಗ ಸುದ್ದಿ. ನಿನ್ನ ಕಂಪ್ಯೂಟರ್ ಆಟ ತೆರೆಯಿತು. ಅದನ್ನು ಹೇಳಲಿಕ್ಕೆಂದೇ ಕೂತಿದ್ದೇನೆ, ಆದರೆ ಅದಕ್ಕೆ ಮೊದಲು ಒಂದು ತಪ್ಪೊಪ್ಪಿಗೆ ಇದೆ. ನೀನು ಮೂರು ವರ್ಷ ಹಳೇ ಗಣಿಯನ್ನೇ ಆಟವಾಗಿ ಪರದೆಯ ಮೇಲೆ ಕಟ್ಟುತ್ತಾ ಕೂತಿದ್ದಾಗ ನಾನು ನಿನ್ನನ್ನು ಬೈದದ್ದು ಒಂದೆರಡು ಸಲ ಅಲ್ಲ. ನಾವೆಲ್ಲ ಕಂಪನಿ ಗೇಟಿನ ಮುಂದೆ ಬಿಸಿಲಲ್ಲಿ ಕೂತಿದ್ದರೆ ನೀನು ಗಣಿಯಲ್ಲಿ ದುಡಿದ ಮುದುಕರನ್ನು ಒಬ್ಬೊಬ್ಬರನ್ನಾಗಿ ಬಯಲಿಗೆ ಕರೆದುಕೊಂಡು ಹೋಗಿ ನಡೆಸುತ್ತಿದ್ದೆ. "ಊರು ಕುಸೀತಾ ಇದೆ, ಇವನಿಗೆ ಆಟ," ಎಂದು ನಮ್ಮ ಹೋರಾಟ ಸಮಿತಿಯ ಸಭೆಯಲ್ಲೇ ಹೇಳಿದ್ದೆ. ಎಲ್ಲರೂ ನಕ್ಕಿದ್ದರು. ನೀನೂ ನಕ್ಕಿದ್ದೆ. ಆ ಮುದುಕರಿಗೆ ಮೀಟರು ಗೊತ್ತಿಲ್ಲ, ಅವರು ಕೆಳಗೆ ದೂರ ಅಳೆಯುತ್ತಿದ್ದುದು ಸೂರಿಗೆ ಕೊಟ್ಟ ಆಸರೆ ಮರಗಳನ್ನು ಎಣಿಸಿ, ಇಷ್ಟನೆಯ ಮರದ ಹತ್ತಿರ ಎಡಕ್ಕೆ, ಇಷ್ಟನೆಯದರ ಹತ್ತಿರ ಬಗ್ಗಬೇಕು ಎಂದು. ಅವರ ಕಾಲಿಗೆ ಆ ಅಂತರ ಇನ್ನೂ ನೆನಪಿದೆ, ನೀನು ಅವರನ್ನು ಕಣ್ಣು ಮುಚ್ಚಿಸಿ ಬಯಲಲ್ಲಿ ನಡೆಸಿ ಹಿಂದಿನಿಂದ ಟೇಪು ಹಿಡಿಯುತ್ತಿದ್ದೆ, ಇದೆಲ್ಲ ನನಗೆ ತಿಳಿದದ್ದು ನಿನ್ನನ್ನು ಹಿಡಿದುಕೊಂಡು ಹೋದ ಮೇಲೆ. ನಾನು ಹದಿನಾರು ವರ್ಷದಿಂದ ಘೋಷಣೆ ಬರೆಯುತ್ತಿದ್ದೇನೆ. ಒಂದು ಘೋಷಣೆಯಲ್ಲೂ ನೆಲದಡಿಯ ಒಂದು ಮೂಲೆ ಎಲ್ಲಿದೆ ಎಂದು ಬರೆದಿರಲಿಲ್ಲ.

ಅದು ಬೇಕಾದದ್ದು ಯಾಕೆಂದರೆ, ಕೊನೆಗೂ ರಾಜಧಾನಿಯಿಂದ ಆಯೋಗ ಬರುತ್ತಿದೆ. ಈ ಶುಕ್ರವಾರ. ಅದರ ಎಂಜಿನಿಯರ್ ಹೆಂಗಸು, ಗಟ್ಟಿ ಮಾತಿನವಳು. ಫೋನಿನಲ್ಲಿ ನನಗೆ ಹೇಳಿದ್ದು ಇಷ್ಟು: "ಕಂಪನಿ ನಕ್ಷೆ ಕಳೆದುಹೋಯ್ತು ಅಂತಿದೆ. ನನ್ನ ಹತ್ರ ಕೊರೆಯೋ ಯಂತ್ರ ಒಂದೇ ದಿನಕ್ಕೆ ಇರುತ್ತೆ. ಒಂದು ಕಡೆ ಕೊರೀತೀನಿ. ಎಲ್ಲಿ ಅಂತ ನೀವು ತೋರಿಸಿ. ಟೊಳ್ಳು ಸಿಕ್ಕರೆ ಇಡೀ ಬೀದಿ ಎತ್ತಿ ಬೇರೆ ಕಡೆ ಇಡಿಸ್ತೀನಿ. ಸಿಗಲಿಲ್ಲ ಅಂದ್ರೆ ಫೈಲು ಮುಚ್ತೀನಿ, ನನಗೂ ಬೇರೆ ದಾರಿ ಇಲ್ಲ." ಒಂದು ತೂತು. ನಾವು ಮುದುಕರನ್ನೆಲ್ಲ ಶಾಲೆಯ ಹತ್ತಿರ ಕರೆದು ಕೇಳಿದೆವು, ಇಪ್ಪತ್ತಾರು ಜನ. ಒಬ್ಬ ಬಾವಿ ಕಡೆ ಕೈ ತೋರಿಸಿದ, ಒಬ್ಬ ಬೇಕರಿ ಕಡೆ, ಒಬ್ಬ ಸ್ಮಶಾನದ ಕಡೆ. ಜಗಳ ಬಿತ್ತು. ಕೆಳಗೆ ಅವರ ಕಾಲಿಗೆ ದಾರಿ ಗೊತ್ತು, ಮೇಲೆ ಸೂರ್ಯನ ಬೆಳಕಿನಲ್ಲಿ ಒಬ್ಬನಿಗೂ ಗೊತ್ತಿಲ್ಲ. ಆ ಇಪ್ಪತ್ತಾರು ಜೊತೆ ಕಾಲುಗಳನ್ನು ಒಂದೇ ಕಡೆ ಜೋಡಿಸಿದ್ದು ನಿನ್ನ ಆಟದಲ್ಲಿ ಮಾತ್ರ.

ಅವತ್ತು ಮಧ್ಯಾಹ್ನ ಪೊಲೀಸರು ಬಂದು ನಿನ್ನನ್ನು ಕುರ್ಚಿಯಿಂದ ಎಳೆದಾಗ ಆಟ ತೆರೆದೇ ಇತ್ತು, ನಿನಗೆ ಗೊತ್ತು. ಕಂಪನಿಯ ಗುಪ್ತ ನಕ್ಷೆ ಕದ್ದ ಆರೋಪ ಎಂದು ಓದಿದರು. ಸುರಂಗವೇ ಇಲ್ಲದ ಕಡೆ ಸುರಂಗದ ನಕ್ಷೆ ಕದ್ದವನು ನೀನು. ಇಂಥ ಕಳ್ಳ ಲೋಕದಲ್ಲಿ ಮತ್ತೊಬ್ಬ ಇರಲಾರ. ಅವರು ಪ್ಲಗ್ ಕಿತ್ತು ಕಂಪ್ಯೂಟರು ಹೊತ್ತುಕೊಂಡು ಹೋದರು. ನಿನಗೆ ಗೊತ್ತಿಲ್ಲದ್ದು ಇದು: ಅವರು ನಿನ್ನ ಕೈಗೆ ಕೋಳ ಹಾಕುತ್ತಿದ್ದಾಗ ಅಮ್ಮ ಅದರ ಹೊಟ್ಟೆಯಿಂದ ಪೆನ್ ಡ್ರೈವ್ ಕಿತ್ತು ಮುಷ್ಟಿಯಲ್ಲಿ ಹಿಡಿದು, ಅಳುವ ನೆಪದಲ್ಲಿ ಒಳಗೆ ಹೋಗಿ ರವೆಯ ಚೀಲಕ್ಕೆ ತುರುಕಿದ್ದಳು. ಐದು ವಾರ ಅದು ರವೆಯೊಳಗಿತ್ತು. ಹೋದ ತಿಂಗಳ ಕೊನೆಯಲ್ಲಿ ಕುಸ್ಕುಸ್ ಹೊಸೆಯಲು ಕೂತವಳು ಬೆರಳಿನಿಂದ ಹಿಟ್ಟು ಒರೆಸಿ ನನ್ನ ಮುಂದೆ ಇಟ್ಟಳು. "ಅವನು ಎಲ್ಲಾ ಇದರಲ್ಲೇ ಇಟ್ಕೋತಿದ್ದ. ಮನೆ ಕಂಪ್ಯೂಟರಿನ ಹೊಟ್ಟೆ ಸರಿ ಇಲ್ಲ ಅಂತಿದ್ದ," ಎಂದಳು, ಉಪ್ಪು ಎಷ್ಟು ಹಾಕಲಿ ಎಂದು ಕೇಳುವ ದನಿಯಲ್ಲಿ.

ಇನ್ನು ತೆರೆಯುವುದು ಎಲ್ಲಿ? ನೀನು ಅದನ್ನು ವಿಂಡೋಸ್ ಯಂತ್ರಕ್ಕೆಂದು ಕಟ್ಟಿದ್ದೆ. ಊರಲ್ಲಿ ಅಂಥವು ಇರುವುದು ಕಂಪನಿ ಕಚೇರಿಯಲ್ಲಿ, ಠಾಣೆಯಲ್ಲಿ, ಮತ್ತೆ ಇಂಟರ್ನೆಟ್ ಅಂಗಡಿಯವನ ಹತ್ತಿರ. ಅವನು ನನ್ನ ಮುಖ ಕಂಡರೆ ಷಟರು ಎಳೆಯುತ್ತಾನೆ. ಉಳಿದದ್ದು ಭವನದ ಆ ಒಂಬತ್ತು ಹಳೆಯವು. ಅವುಗಳಲ್ಲಿ ಲಿನಕ್ಸ್ ಹಾಕಿ ಜೀವ ಕೊಟ್ಟವನು ಬೆಲ್ಗಾಸೆಮ್, ನಿನ್ನ ಕ್ಲಾಸಿನವನ ಅಣ್ಣ, ಬೆಳಿಗ್ಗೆ ರಸ್ತೆ ಬದಿ ಕ್ಯಾನಿನಲ್ಲಿ ಪೆಟ್ರೋಲ್ ಮಾರುತ್ತಾನಲ್ಲ, ಅವನೇ. ಕಂಪ್ಯೂಟರ್ ಡಿಪ್ಲೊಮಾ ಮಾಡಿ ಹನ್ನೆರಡು ವರ್ಷ. "ವಸೀಲಾ ಅಕ್ಕಾ, ಮೊದಲನೇ ಸಲ ನನ್ನ ಡಿಪ್ಲೊಮಾಗೆ ಕೆಲಸ ಸಿಕ್ತು. ಸಂಬಳ ಇಲ್ಲ ಅನ್ನೋದು ಬಿಟ್ರೆ ಒಳ್ಳೇ ಕೆಲಸ," ಎಂದು ಪೆಟ್ರೋಲ್ ವಾಸನೆಯ ಕೈ ಒರೆಸಿಕೊಂಡು ಕೂತ. ಆಟದ ಗುರುತಿನ ಮೇಲೆ ಎರಡು ಸಲ ಒತ್ತಿದ. ಇದನ್ನು ಯಾವುದರಿಂದ ತೆರೆಯಲಿ ಎಂದು ಯಂತ್ರ ಅವನನ್ನೇ ಕೇಳಿತು. ಅಲ್ಲಿಂದ ಶುರುವಾದದ್ದು ಹನ್ನೊಂದು ದಿನ.

ಆಟ ಒಂದು ಯಂತ್ರದ ಮಾತಿನಲ್ಲಿ ಬರೆದದ್ದು, ಇದಕ್ಕೆ ಬೇರೆ ಮಾತು, ನಡುವೆ ಒಬ್ಬ ದುಭಾಷಿ ಬೇಕು ಎಂದು ಬೆಲ್ಗಾಸೆಮ್ ನಮಗೆ ವಿವರಿಸಿದ. ಆ ದುಭಾಷಿಯ ಹೆಸರು ವೈನ್. ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕರೀ ಚಹಾದ ಲೋಟ ಹಿಡಿದು ಕೂತಿದ್ದ ತಿಜಾನಿ ಅಜ್ಜನಿಗೆ ಇದನ್ನು ಕೇಳಿ ಖುಷಿಯೋ ಖುಷಿ. "ಈ ಕಟ್ಟಡದಲ್ಲಿ ಚಹಾ ಕಾಯಿಸೋಕ್ಕೆ ಮೇಲಿನವರು ಪರವಾನಗಿ ಕೊಡಲಿಲ್ಲ. ನೀವು ನೋಡಿದ್ರೆ ವೈನೇ ಇಳಿಸ್ತಾ ಇದೀರಿ," ಎಂದ. ಅಜ್ಜ ಹನ್ನೊಂದು ದಿನವೂ ಅಲ್ಲೇ ಕೂತಿದ್ದ. ಗಣಿಯ ದೀಪದ ಕೋಣೆಯಲ್ಲಿ ಮೂವತ್ತೊಂದು ವರ್ಷ ಕಾವಲು ಕೂತವನಿಗೆ ಬಾಗಿಲ ಬಳಿ ಕೂರುವುದೇ ಕೆಲಸ. ಇಳಿಸಿದ ದುಭಾಷಿಯೂ ಅರ್ಧವೇ ಬಂದಿದ್ದ. ನಿನ್ನ ಆಟ ಹಳೆಯ ನಮೂನೆಯದಂತೆ, ಅದಕ್ಕೆ ಬೇಕಾದ ಹಳೆಯ ಬಿಡಿಭಾಗಗಳು ಈ ಹೊಸ ಲಿನಕ್ಸಿನಲ್ಲಿ ಇರಲಿಲ್ಲ. ಅವನ್ನು ನನ್ನ ಫೋನಿನ ನೆಟ್‌ನಿಂದ ಒಂದೊಂದಾಗಿ ತರಿಸಿದೆವು. ಕರೆಂಟು ಹೋದಾಗಲೆಲ್ಲ ಟವರು ಸಾಯುತ್ತಿತ್ತು, ಬೆಲ್ಗಾಸೆಮ್ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದ. ಐದನೆಯ ದಿನ ಗೊತ್ತಾದದ್ದು, ಪೆನ್ ಡ್ರೈವಿನಿಂದ ನೇರವಾಗಿ ಓಡಿಸಿದರೆ ಆಗುವುದಿಲ್ಲ, ಯಾರು ಏನನ್ನು ಓಡಿಸಬಹುದು ಎಂದು ಬರೆದಿಡುವ ಜಾಗವೇ ಅದರಲ್ಲಿಲ್ಲ, ಯಂತ್ರದ ಸ್ವಂತ ಡಿಸ್ಕಿಗೆ ತರಬೇಕು. ತಂದ. ನಿನ್ನ ಫೋಲ್ಡರಿನಿಂದ ಒಂದು ಕಡತವನ್ನೂ ಬಿಡದೆ ತಂದ. ಏಳನೆಯ ದಿನ, ಚಿತ್ರ ಬಿಡಿಸುವ ಹೊಸ ವಿಧಾನ ಈ ಮುದಿ ಯಂತ್ರಕ್ಕೆ ಬಾರದು ಎಂದು ಕಂಡುಕೊಂಡು, ಹಳೆಯ ವಿಧಾನದಲ್ಲೇ ಬಿಡಿಸು ಎಂದು ಅದಕ್ಕೆ ಹೇಳಿದ. ಒಂದು ಕರೀ ಕಿಟಕಿ ತೆರೆಯಿತು. ನಾನು ಚಪ್ಪಾಳೆ ತಟ್ಟಿದೆ. ಮೂರು ಎಣಿಸುವಷ್ಟರಲ್ಲಿ ಮುಚ್ಚಿಕೊಂಡಿತು.

ಆಮೇಲೆ ನಾಲ್ಕು ದಿನ ಅದೇ. ತೆರೆಯುವುದು, ಕಪ್ಪು, ಮುಚ್ಚುವುದು. ಬೆಲ್ಗಾಸೆಮ್ ದುಭಾಷಿಯನ್ನು ನಾಲ್ಕು ಸಲ ಕಿತ್ತು ಹಾಕಿ ನಾಲ್ಕು ಸಲ ಹೊಸದಾಗಿ ಕೂರಿಸಿದ. ಪ್ರತಿ ಸಲ ಯಂತ್ರ ಆಡಿದ ಮಾತನ್ನೆಲ್ಲ ಪರದೆಯ ಮೇಲೆ ಉದ್ದಕ್ಕೆ ಸುರಿಸುತ್ತಿತ್ತು, ನೂರಾರು ಸಾಲು, ಅದರಲ್ಲಿ ತಪ್ಪುಗಳು ಕೆಂಪಕ್ಷರದಲ್ಲಿ. ಅವನು ಒಂದೊಂದು ಕೆಂಪು ಸಾಲನ್ನೂ ಹಿಡಿದು ಲೋಕದಲ್ಲಿ ಇನ್ಯಾರಿಗೆ ಇದೇ ತೊಂದರೆ ಬಂದಿತ್ತು ಎಂದು ಹುಡುಕುತ್ತಿದ್ದ. ಬ್ರೆಜಿಲಿನಲ್ಲಿ ಒಬ್ಬನಿಗೆ ಬಂದಿತ್ತು, ಪೋಲೆಂಡಿನಲ್ಲಿ ಇಬ್ಬರಿಗೆ. ಅವರು ಹೇಳಿದ್ದನ್ನೆಲ್ಲ ಮಾಡಿದ. ಕೆಂಪು ಸಾಲುಗಳು ನಲವತ್ತಿದ್ದದ್ದು ಆರಕ್ಕೆ ಇಳಿದವು, ಆಮೇಲೆ ಒಂದೂ ಉಳಿಯಲಿಲ್ಲ. ಆಟ ಆಗಲೂ ಮುಚ್ಚಿಕೊಂಡಿತು. ತಪ್ಪೇ ಇಲ್ಲದೆ ಕೆಟ್ಟಿರುವ ಯಂತ್ರದ ಮುಂದೆ ಕೂತವನ ಮುಖ ನೀನು ನೋಡಬೇಕಿತ್ತು. ಬಾಯಿಗೆ ಬಂದಂತೆ ಬೈದೆ, ಅವನನ್ನೂ, ಲಿನಕ್ಸನ್ನೂ, ಆಟದ ಬದಲು ಒಂದು ಹಾಳೆಯ ಮೇಲೆ ನಕ್ಷೆ ಬರೆದಿಡದ ನಿನ್ನನ್ನೂ. "ಬೈಯಿರಿ ಅಕ್ಕಾ, ಬೈಯಿರಿ. ನೀವು ಬೈದ ಮೇಲೆ ಕಂಪನೀನೂ ಹೀಗೇ ಏನೂ ಆಗದೋರ ಥರ ಇರುತ್ತೆ," ಎಂದ ಬೆಲ್ಗಾಸೆಮ್.

ಭಾನುವಾರ ಮಧ್ಯಾಹ್ನ ಮೂರು ಗಂಟೆ ಇರಬೇಕು. ಅವನು ಸುಮ್ಮನೆ ಇನ್ನೊಂದು ಸಲ ಓಡಿಸಿದ. ಸಾಲುಗಳು ಸುರಿದವು. ತಿಜಾನಿ ಅಜ್ಜ ಮೂತ್ರಕ್ಕೆ ಹೋಗಿಬರುತ್ತಿದ್ದವನು ನಮ್ಮ ಬೆನ್ನ ಹಿಂದೆ ನಿಂತ. "ನಿಲ್ಲಿಸು. ಮೇಲೆ ಹೋಗು. ಇನ್ನೂ ಮೇಲೆ. ಅಲ್ಲಿ ನಾನೂರ ಹದಿನೇಳು ಅಂತ ಯಾಕಿದೆ?" ಬೆಲ್ಗಾಸೆಮ್ ತಿರುಗಲೂ ಇಲ್ಲ. "ಅಜ್ಜಾ, ಅದು ಬಿಳೀ ಸಾಲು. ತಪ್ಪು ಇರೋದು ಕೆಂಪಲ್ಲಿ." ಅಜ್ಜ ಬೆರಳನ್ನು ಪರದೆಗೇ ಒತ್ತಿದ. "ನಾನು ಕೇಳಿದ್ದು ಬಣ್ಣ ಅಲ್ಲ. ನಾನೂರ ಹದಿನೇಳು ಅಮೋರ್ ನಂಬರು. ಈ ಮಕ್ಕಳಪ್ಪಂದು. ಪಕ್ಕದಲ್ಲಿ ಏನಿದೆ ಓದು." ನಾನು ಓದಿದೆ. ಕಂಪನಿಯ ಹಳೆಯ ಫ್ರೆಂಚಿನಲ್ಲಿ, ಗಣಿಯವರು ಬರೆಯುತ್ತಿದ್ದ ಹಾಗೆ, ನೀನು ಬರೆದದ್ದು: 417 ತಳದಲ್ಲಿದ್ದಾನೆ. ಗೇಟು ಮುಚ್ಚಿದೆ.

ಆ ಸಾಲು ನಾಲ್ಕು ದಿನದಿಂದ ಪ್ರತಿ ಸಲವೂ ಅಲ್ಲೇ ಇತ್ತು. ಅದು ತಪ್ಪಲ್ಲ, ಆದ್ದರಿಂದ ಕೆಂಪಾಗಿರಲಿಲ್ಲ, ಆದ್ದರಿಂದ ನಾವು ನೋಡಿರಲಿಲ್ಲ. ಅಜ್ಜ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತ. "ಇದು ಕೆಟ್ಟಿಲ್ಲ ಕಣಯ್ಯಾ. ಇದು ಅವನಿಗೋಸ್ಕರ ಕಾಯ್ತಾ ಇದೆ," ಎಂದ. ಆಮೇಲೆ ನಮಗೆ ಹೇಳಿದ. ಇಳಿಯುವ ಪ್ರತಿಯೊಬ್ಬನೂ ದೀಪದ ಕೋಣೆಯಲ್ಲಿ ತನ್ನ ಹಿತ್ತಾಳೆ ಬಿಲ್ಲೆಯನ್ನು ಹಲಗೆಯ ಮೊಳೆಗೆ ಹಾಕಿ ದೀಪ ತೆಗೆದುಕೊಳ್ಳುತ್ತಿದ್ದ. ಮೇಲೆ ಬಂದವನು ದೀಪ ಕೊಟ್ಟು ಬಿಲ್ಲೆ ತೆಗೆದುಕೊಳ್ಳುತ್ತಿದ್ದ. ಹಲಗೆಯ ಮೇಲೆ ಒಂದು ಬಿಲ್ಲೆ ಉಳಿದರೂ ಮುಂದಿನ ಪಾಳಿ ಇಳಿಯುವಂತಿಲ್ಲ. ಇದನ್ನೆಲ್ಲ ನೀನು ಅವನ ಹತ್ತಿರ ಒಂದು ಇಡೀ ರಂಜಾನ್ ತಿಂಗಳು ಕೂತು ಕೇಳಿಸಿಕೊಂಡಿದ್ದೆಯಂತೆ. ಬೆಲ್ಗಾಸೆಮ್ ನಿನ್ನ ಫೋಲ್ಡರುಗಳೊಳಗೆ ಹೋಗಿ ನೋಡಿದ. ದೀಪದ ಕೋಣೆ ಎಂಬ ಹೆಸರಿನದೊಂದು ಇತ್ತು, ಅದರೊಳಗೆ ಹಲಗೆ ಎಂಬುದು, ಅದರೊಳಗೆ 417 ಎಂಬ ಒಂದು ಪುಟಾಣಿ ಕಡತ. ಒಳಗೆ ಒಂದಕ್ಷರವೂ ಇಲ್ಲ. ಹುಟ್ಟಿದ ದಿನ ಮತ್ತು ಗಂಟೆ ನೋಡಿದರೆ ಅವರು ನಿನ್ನನ್ನು ಎಳೆದುಕೊಂಡು ಹೋದ ಮಧ್ಯಾಹ್ನ. ಅವತ್ತು ನೀನು ಆಟದೊಳಗೆ ಅಪ್ಪನ ಬಿಲ್ಲೆ ಹಾಕಿ ಇಳಿದಿದ್ದೆ. ಮೇಲೆ ಬರಲು ಅವರು ಬಿಡಲಿಲ್ಲ.

"ಅಷ್ಟೇನಾ," ಎಂದು ಬೆಲ್ಗಾಸೆಮ್ ನಕ್ಕೇ ಬಿಟ್ಟ. "ಇದನ್ನ ಅಳಿಸಿದ್ರೆ ಮುಗೀತು. ಒಂದು ಗುಂಡಿ." ಕೈ ಕೀಲಿಮಣೆಗೆ ಹೋಗುವುದರೊಳಗೆ ಅಜ್ಜ ಅವನ ಮಣಿಕಟ್ಟು ಹಿಡಿದುಕೊಂಡಿದ್ದ. ಎಂಬತ್ತು ದಾಟಿದವನ ಹಿಡಿತ ಅದು, ಬೆಲ್ಗಾಸೆಮ್‌ನ ಮುಖ ಕಿವುಚಿಕೊಂಡಿತು. "ಮೇಲೆ ಬಾರದವನ ಬಿಲ್ಲೆ ತೆಗೀತಾರೇನೋ? ನಾನು ತೆಗೆದಿಲ್ಲ. ಫ್ರೆಂಚ್ ದೊರೆ ಬಂದು ಕೂಗಾಡಿದಾಗಲೂ ತೆಗೆದಿಲ್ಲ. ಬೇಕಾದ್ರೆ ಮನೆಯವರು ಬರಲಿ." ನನಗೆ ಸಿಟ್ಟು ನೆತ್ತಿಗೇರಿತು. ಶುಕ್ರವಾರಕ್ಕೆ ಐದೇ ದಿನ, ಅರವತ್ತಮೂರು ಮನೆ, ಇದು ಹಿತ್ತಾಳೆಯಲ್ಲ, ಕಡತ ಎಂದೆಲ್ಲ ಕೂಗಿದೆ. ಮನೆಯವಳು ನಾನೇ, ತೆಗಿ ಎಂದೆ. ಅಜ್ಜ ನನ್ನ ಮುಖವನ್ನೇ ನೋಡಿ, "ನಿನ್ನಮ್ಮ ಬದುಕಿದ್ದಾಳಲ್ಲ," ಎಂದ.

ಅಮ್ಮ ಬಂದಳು. ಅವಳು ಒಪ್ಪಿಯೇ ಒಪ್ಪುತ್ತಾಳೆ ಎಂದುಕೊಂಡಿದ್ದೆ. ಪೆನ್ ಡ್ರೈವ್ ಉಳಿಸಿದವಳು ಅವಳೇ ತಾನೆ. ನಿಂತುಕೊಂಡೇ ಎಲ್ಲ ಕೇಳಿದಳು. ಆ ಪುಟಾಣಿ ಹೆಸರನ್ನು ಬೆಲ್ಗಾಸೆಮ್ ತೋರಿಸಿದ. ಅವಳಿಗೆ ಓದಲು ಬರುವುದಿಲ್ಲ, ಆದರೆ ಅಪ್ಪನ ನಂಬರು ಬರುತ್ತದೆ, ಇಪ್ಪತ್ತಮೂರು ವರ್ಷ ಅಂಗಿಯ ಕಾಲರಿನೊಳಗೆ ದಾರದಲ್ಲಿ ಹೊಲಿದವಳು. "ಇದನ್ನ ತೆಗೆದ್ರೆ ಅವನು ಮೇಲೆ ಬಂದ ಅಂತ ತಾನೆ ಅರ್ಥ? ಎಲ್ಲಿ ಬಂದಿದಾನೆ? ತೋರಿಸಿ," ಎಂದಳು. ಪರದೆಯ ಕಡೆ ಬೆರಳು ಮಾಡಿದಳು. "ಅವರು ಅವನನ್ನ ಎಲ್ಲಿ ಇಟ್ಟಿದೀವಿ ಅನ್ನೋದನ್ನ ಎರಡು ವಾರ ನನಗೆ ಹೇಳಲಿಲ್ಲ. ಅವನು ಇನ್ನೂ ಬಂದಿಲ್ಲ ಅಂತ ಬರೆದಿಟ್ಟಿರೋದು ಇದೊಂದೇ. ಇದನ್ನೂ ಅಳಿಸ್ತೀರಾ?" ನನಗೆ ಸಾವಿರ ಜನರ ಮುಂದೆ ಮಾತು ತಡವರಿಸಿದ್ದಿಲ್ಲ ಲಝರ್. ಅವಳ ಮುಂದೆ ತಡವರಿಸಿತು.

ಆಗ ಅಜ್ಜ, ಅಮ್ಮನ ಕಡೆ ನೋಡದೆ, ತನ್ನ ಲೋಟಕ್ಕೆ ಹೇಳುವವನಂತೆ ಹೇಳಿದ. "ತೆಗೆಯೋದು ಬೇಡ ಮಬ್ರೂಕಾ. ಬೇರೆ ಮೊಳೆಗೆ ಹಾಕೋಣ." ಬಾಗಿಲ ಪಕ್ಕ ಕೆಂಪು ಬಣ್ಣದ ಒಂದು ಚಿಕ್ಕ ಹಲಗೆ ಇರುತ್ತಿತ್ತಂತೆ. ಪಾಳಿ ಮುಗಿದರೂ ಕೆಳಗೇ ಉಳಿದವರ ಬಿಲ್ಲೆಗೆ ಅದು. ಮೊದಲ ದೊಡ್ಡ ಕುಸಿತದಲ್ಲಿ ಹನ್ನೊಂದು ಬಿಲ್ಲೆ ಒಂಬತ್ತು ದಿನ ಅದರ ಮೇಲಿದ್ದವು. ಅವರನ್ನು ಹುಡುಕಲು ಬೇರೆಯವರು ಇಳಿಯಲೇಬೇಕಿತ್ತು, ಇಳಿಯಬೇಕಾದರೆ ದೊಡ್ಡ ಹಲಗೆ ಖಾಲಿಯಾಗಬೇಕಿತ್ತು. ಮನೆಯ ಹೆಂಗಸು ಬಂದು ಸರಿ ಎಂದರೆ ಮಾತ್ರ ದೀಪದವನು ಬಿಲ್ಲೆಯನ್ನು ಕೆಂಪು ಹಲಗೆಗೆ ದಾಟಿಸಬೇಕು. ಅವನು ಬದುಕಿ ಬರಲಿ, ಹೆಣವಾಗಿ ಹೊತ್ತು ತರಲಿ, ಬಿಲ್ಲೆಯನ್ನು ಅಲ್ಲಿಂದ ಇಳಿಸುವವಳು ಅವಳೇ. ಅಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತಳು. "ದಾಟಿಸು," ಎಂದಳು. ಬೆಲ್ಗಾಸೆಮ್ ಹೊಸ ಫೋಲ್ಡರು ಮಾಡಲು ಹೋದವನು ಹಾಗೇ ನಿಂತುಬಿಟ್ಟ. ಮಾಡುವ ಅಗತ್ಯವಿರಲಿಲ್ಲ. ಹಲಗೆಯ ಕೆಳಗೇ ಇನ್ನೊಂದು ಇತ್ತು. ಕೆಂಪು ಹಲಗೆ ಎಂದು ನೀನೇ ಹೆಸರಿಟ್ಟು, ಖಾಲಿಯಾಗಿ ಬಿಟ್ಟಿದ್ದೆ.

ತಮ್ಮಾ, ಅದರ ಮುಂದೆ ನಾನು ಏನೂ ಅಲ್ಲದವಳಾಗಿ ನಿಂತೆ. ಕಂಪನಿ ಆ ಕೋಣೆಯನ್ನು ಬುಲ್ಡೋಜರಿನಿಂದ ಕೆಡವಿ ಇಪ್ಪತ್ತು ವರ್ಷವಾಯಿತು. ಒಬ್ಬ ಮುದುಕ ರಂಜಾನಿನ ಸಂಜೆ ಯಾವಾಗಲೋ ಆಡಿದ ಮಾತನ್ನು, ಇನ್ನು ಯಾರಿಗೂ ಬೇಕಾಗದು ಎಂದು ಅವನೇ ಮರೆತಿದ್ದುದನ್ನು, ನೀನು ಒಂದು ಮೊಳೆಯೂ ತಪ್ಪದ ಹಾಗೆ ಕಟ್ಟಿಟ್ಟಿದ್ದೆ. ಅಜ್ಜ ತನ್ನ ಬೆರಳಿನಿಂದಲೇ ಆಗಬೇಕು ಎಂದ. ಬೆಲ್ಗಾಸೆಮ್ ಅವನ ಕೈ ಹಿಡಿದು ಮೌಸಿನ ಮೇಲೆ ಇರಿಸಿದ; ಅದು ಎಳೆದುಕೊಂಡು ಹೋಗಿ 417 ಅನ್ನು ಕೆಂಪು ಹಲಗೆಯೊಳಗೆ ಬಿಟ್ಟಿತು. ಮತ್ತೆ ಓಡಿಸಿದರು. ಕರೀ ಕಿಟಕಿ. ಒಂದು, ಎರಡು, ಮೂರು ಎಣಿಸಿದೆ. ಮುಚ್ಚಲಿಲ್ಲ. ಕತ್ತಲೊಳಗೆ ಮೊದಲು ಒಂದು ಸಣ್ಣ ಕೆಂಪು ದೀಪ ಹತ್ತಿತು, ಅದರ ಬೆಳಕಿನಲ್ಲಿ ಒಂದು ಬಾಗಿಲು, ಬಾಗಿಲ ಪಕ್ಕ ಹಲಗೆ, ಹಲಗೆಯ ಮೇಲೆ ಅಪ್ಪನ ಬಿಲ್ಲೆ. ಅಮ್ಮ ಪರದೆಯನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡಳು.

ಸೋಮವಾರ ನಾಲ್ಕು ಗಂಟೆಗೆ ಇಪ್ಪತ್ತಾರು ಮುದುಕರನ್ನೂ ಕರೆದೆವು. ಮದುವೆ ವೀಡಿಯೊ ಮಾಡುವವನಿಂದ ಪ್ರೊಜೆಕ್ಟರು ತಂದು, ಭವನದ ಗೋಡೆಗೆ ಅಮ್ಮನ ಬಿಳೀ ಹಾಸಿಗೆ ವಸ್ತ್ರ ಕಟ್ಟಿ, ಕಿಟಕಿಗಳಿಗೆ ಕಂಬಳಿ ಇಳಿಬಿಟ್ಟೆವು. ಬೆಲ್ಗಾಸೆಮ್ ಇಳಿದ. ಮೊದಮೊದಲು ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು, ಬಲಕ್ಕೆ ಹೋಗು, ನಿನ್ನಜ್ಜಿ ತಲೆ, ಎಡಕ್ಕೆ ಹೋಗು ಎಂದು. "ಬಗ್ಗೋ, ಇಲ್ಲಿ ನನ್ನ ತಲೆ ಒಡೆದಿತ್ತು," ಎಂದ ಒಬ್ಬ, ಅಲ್ಲೇ ಸೂರು ತಗ್ಗಿತು. ನಾಲ್ಕು ಹೆಜ್ಜೆ ಮುಂದೆ ಕಲ್ಲಿನಿಂದ ನೀರು ತೊಟ್ಟಿಕ್ಕುವ ಸದ್ದು ಬಂದಾಗ ಇನ್ನೊಬ್ಬ ಟೋಪಿ ತೆಗೆದ. ಹೇಸರಗತ್ತೆಗಳ ಲಾಯ ಬಂತು, ಅವುಗಳ ಹೆಸರುಗಳನ್ನೂ ನೀನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೆ. ಆಮೇಲೆ ಯಾರೂ ಕೂಗಲಿಲ್ಲ. ಆಸರೆ ಮರಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು, ಇಪ್ಪತ್ತಾರು ಬಾಯಿಗಳು ಮೆಲ್ಲಗೆ ಒಟ್ಟಿಗೆ ಎಣಿಸುತ್ತಿದ್ದವು, ನೂರ ಎಂಬತ್ತು, ನೂರ ಎಂಬತ್ತೊಂದು. ಬಾವಿ ಎಂದವನೂ ಬೇಕರಿ ಎಂದವನೂ ಒಂದೇ ಸಂಖ್ಯೆ ಎಣಿಸುತ್ತಿದ್ದರು. ಇನ್ನೂರ ಹದಿನಾಲ್ಕಕ್ಕೆ ಎಲ್ಲರೂ ತಾವಾಗಿಯೇ ನಿಲ್ಲಿಸಿದರು, ಬೆಲ್ಗಾಸೆಮ್‌ನ ಕೈಯೂ ನಿಂತಿತು.

ಏಳನೆಯ ಸುರಂಗದ ಕೊನೆಯ ಹಜಾರ ಅದು. ನಮ್ಮ ಮಸೀದಿಗಿಂತ ದೊಡ್ಡದು. ಅದರಲ್ಲಿ ಹನ್ನೊಂದು ಕಲ್ಲುಕಂಬ ಇರಬೇಕಿತ್ತು, ಒಂದೂ ಇಲ್ಲ. ಕಂಬ ನಿಂತಿದ್ದ ಜಾಗದಲ್ಲಿ ಬುಡ ಮಾತ್ರ, ಮರ ಕಡಿದ ಹಾಗೆ. ಗಣಿ ಮುಚ್ಚುವ ವರ್ಷ, ಹೋಗುವಾಗ ಕಂಬದ ಫಾಸ್ಫೇಟನ್ನೂ ಬಿಡದೆ ತೆಗೆಯಿರಿ ಎಂದು ಆಜ್ಞೆ ಬಂದಿತ್ತಂತೆ. "ನಾವೇ ತೆಗೆದ್ವಿ. ಈ ಕೈಯಲ್ಲೇ," ಎಂದ ಒಬ್ಬ ಕತ್ತಲಲ್ಲಿ. ಬೆಲ್ಗಾಸೆಮ್ ನೀನು ಇಟ್ಟಿದ್ದ ಒಂದು ಗುಂಡಿ ಒತ್ತಿದ. ಹಜಾರದ ಸೂರು ಗಾಜಿನಂತೆ ತಿಳಿಯಾಯಿತು. ಮೇಲೆ ಹೆಣ್ಣುಮಕ್ಕಳ ಶಾಲೆಯ ಅಂಗಳ ಕಂಡಿತು, ಕೆಳಗಿನಿಂದ. ನಲ್ಲಿಕಟ್ಟೆ, ಬಾವುಟದ ಕಂಬ, ಕುಂಟಾಬಿಲ್ಲೆ ಆಡಲು ಬರೆದ ಗೆರೆಗಳು. ನಾನು ಆ ಗೆರೆಗಳ ಮೇಲೆ ಆಡಿ ಬೆಳೆದವಳು. ನನ್ನ ಪಾದದಡಿ ಏನಿತ್ತು ಎಂದು ಮೊದಲ ಸಲ ನೋಡಿದೆ. ದೀಪ ಹಾಕಿದೆವು. ಎಲ್ಲರೂ ಎದ್ದಾಗ ತಿಜಾನಿ ಅಜ್ಜ ಬಾಗಿಲಲ್ಲಿ ನಿಂತು ಹೊರಗೆ ಹೋಗುವವರನ್ನು ಒಬ್ಬೊಬ್ಬರನ್ನಾಗಿ ಎಣಿಸಿ, ಇಪ್ಪತ್ತಾರು ಆದ ಮೇಲೆ ತಾನು ಹೊರಬಿದ್ದ. ಒಂದು ತೂತು ಎಲ್ಲಿ ಕೊರೆಯಬೇಕು ಎಂದು ಈಗ ನಮಗೆ ಗೊತ್ತು. ನಲ್ಲಿಕಟ್ಟೆಯಿಂದ ಬಾವುಟದ ಕಡೆಗೆ ಒಂಬತ್ತು ಹೆಜ್ಜೆ.

ನೀನು ಕಟ್ಟಿದ್ದನ್ನು ಆಟ ಎಂದು ಹಂಗಿಸಿದ ಬಾಯಿಂದಲೇ ಇದನ್ನು ಹೇಳುತ್ತಿದ್ದೇನೆ, ಕ್ಷಮಿಸು. ಅಮ್ಮ ನಿನ್ನ ತಲೆ ಸವರಿದ್ದಾಳೆ ಎಂದು ತಿಳಿ. ಈ ಬುಧವಾರವೂ ಬುಟ್ಟಿ ಹೊತ್ತು ಬರುತ್ತಾಳೆ, ಅವರು ಹಿಂದೆ ಕಳಿಸುತ್ತಾರೆ, ಮುಂದಿನ ಬುಧವಾರ ಮತ್ತೆ ಬರುತ್ತಾಳೆ. ಬೆಲ್ಗಾಸೆಮ್ ನಿನಗೆ ಸಲಾಂ ಹೇಳಿದ, ಮುಂದಿನ ಸಲ ಇಂಥ ನಿಯಮ ಇಟ್ಟರೆ ಕೆಂಪಕ್ಷರದಲ್ಲಿ ಬರೆಯಬೇಕಂತೆ. ದೇವರು ನಿನ್ನ ಎದೆಗೂಡನ್ನೂ ಬೆನ್ನನ್ನೂ ಕಾಯಲಿ.

ನಿನ್ನ ಅಕ್ಕ,
ವಸೀಲಾ

ಅವಸರದಲ್ಲಿ ಇನ್ನೊಂದು, ಮುಖ್ಯವಾದದ್ದು ಇದೇ. ಆ ಹಾಸಿಗೆ ವಸ್ತ್ರವನ್ನು ಆಯೋಗದ ಮುಂದೆ ಕಟ್ಟಿ ಆಟ ತೋರಿಸಿದ ಕ್ಷಣ ನಿನ್ನ ನಕ್ಷೆ ಬಹಿರಂಗವಾಗುತ್ತದೆ. ಸರಕಾರಿ ವಕೀಲ ಅದನ್ನೇ ತೋರಿಸಿ, ಕದ್ದ ಮಾಲು ಸಿಕ್ಕಿತು ಎನ್ನಬಹುದು. ಇಪ್ಪತ್ತಾರು ಜನರೂ, ಈ ಅಳತೆ ನಮ್ಮ ಕಾಲಿನದು, ಕಳ್ಳತನ ಎಂದರೆ ನಮ್ಮನ್ನೂ ಹಿಡಿಯಿರಿ ಎಂದು ಹೆಬ್ಬೆಟ್ಟು ಒತ್ತಿದ್ದಾರೆ. ಅದರಿಂದ ನೀನು ಹೊರಗೆ ಬರಲೂಬಹುದು, ನಿನಗೆ ಇನ್ನೆರಡು ವರ್ಷ ಬೀಳಲೂಬಹುದು, ನಾನು ಸುಳ್ಳು ಧೈರ್ಯ ಹೇಳಲಾರೆ ಎಂದರು ದಲೇಲ್. ಬೇರೆಯವರ ಮಕ್ಕಳ ಪರವಾಗಿ ನಾನು ಇಂಥ ಮಾತಿಗೆ ಎಷ್ಟೋ ಸಲ ಹೌದು ಎಂದಿದ್ದೇನೆ. ಈ ಸಲ ನಾನು ಹೇಳುವುದಿಲ್ಲ, ಅಮ್ಮನೂ ಹೇಳುವುದಿಲ್ಲ. ಗುರುವಾರ ಎರಡು ಗಂಟೆಗೆ ದಲೇಲ್ ನಿನ್ನ ಎದುರು ಕೂತಿರುತ್ತಾರೆ. ಅವರಿಗೆ ಒಂದೇ ಮಾತು ಹೇಳು, ಹೌದು ಅಥವಾ ಬೇಡ. ಬೇಡ ಎಂದರೆ ನಾವು ಬರಿಗೈಯಲ್ಲಿ ಅಂಗಳಕ್ಕೆ ಹೋಗಿ, ಒಂಬತ್ತು ಹೆಜ್ಜೆಯನ್ನು ನಮ್ಮ ಬಾಯಿಂದಲೇ ಹೇಳಿ ನಂಬಿ ಎನ್ನುತ್ತೇವೆ. ನಂಬದಿದ್ದರೂ ಈ ಬೀದಿಯಲ್ಲಿ ಒಬ್ಬರೂ ನಿನ್ನನ್ನು ಬೈಯುವುದಿಲ್ಲ. ಆಯೋಗ ಸೇರುವುದು ಶಾಲೆಯ ಅಂಗಳದಲ್ಲಿ, ಹದಿನೇಳನೆಯ ತಾರೀಖು, ಶುಕ್ರವಾರ, ಬೆಳಿಗ್ಗೆ ಒಂಬತ್ತು ಗಂಟೆಗೆ.